ಅದೇ ಕ್ರಯಕ್ಕೆ ದೊಡ್ಡ ಹಿಡಿ

ವಿಜಯರಾಜಣ್ಣ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು, ಮುಚ್ಚಳ ತೆರೆದು, ಮಗಳಿಗಿಂತ ಮೊದಲು ತಾವೇ ಪಿಸ್ತೂಲನ್ನು ಎತ್ತಿಕೊಂಡರು.

"ನೋಡಿ ಮೇಡಂ, ಎಷ್ಟು ಲಾಯ್ಕ ಕೂತುಕೊಳ್ತದೆ ಕೈಯಲ್ಲಿ!"

ಕೂತುಕೊಳ್ಳದೆ ಏನು? ಶಿರ್ತಾಡಿಯಲ್ಲಿ ಅವರದ್ದು ಅಕ್ಕಿ ಅಂಗಡಿ. ಮೂಟೆ ಎತ್ತಿ ಎತ್ತಿ ಅಗಲವಾದ ಕೈ. ಆದರೆ ಆ ಪಿಸ್ತೂಲಿನಿಂದ ಗುರಿ ಹೊಡೆಯಬೇಕಾದವಳು ಅವರ ಹದಿನೇಳರ ಮಗಳು ಬ್ರಾಹ್ಮಿ, ಮತ್ತು ಅವಳು ಬಾಗಿಲ ಹತ್ತಿರ ಚೀಲ ಅಪ್ಪಿಕೊಂಡು ಯಾರದೋ ಮನೆಯ ಸಾಮಾನು ನೋಡುವವಳ ಹಾಗೆ ನಿಂತಿದ್ದಳು.

ನಾನು ಸಬೀಹಾ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದೆ, ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಮಕ್ಕಳಿಗೆ ಏರ್ ಪಿಸ್ತೂಲ್ ಕಲಿಸುತ್ತೇನೆ. ಸಬೀಹಾ ಮೇಡಂಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಪೋಷಕರೆಲ್ಲ ಹೇಳುತ್ತಾರೆ. ಆ ಸಿಟ್ಟನ್ನು ಅಲ್ಲಿಗೆ ತಂದು ಕೂರಿಸುವವರು ಯಾರು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ.

ಬ್ರಾಹ್ಮಿ ಇಷ್ಟು ದಿನ ಹೊಡೆಯುತ್ತಿದ್ದದ್ದು ನಮ್ಮ ಕ್ಲಬ್ಬಿನ ಸಣ್ಣ ಹಿಡಿಯ ಪಿಸ್ತೂಲಿನಲ್ಲಿ. ಅದರ ಗಾಳಿ ಸೋರಲು ಶುರುವಾಗಿ ಮೂಲೆ ಸೇರಿತು. ಬರುವ ಭಾನುವಾರ ಮಂಗಳೂರಿನಲ್ಲಿ ಜಿಲ್ಲಾ ತಂಡದ ಆಯ್ಕೆ. ಹುಡುಗಿಯರಿಗೆ ಇರುವುದು ಮೂರೇ ಜಾಗ. ಸಿಗದಿದ್ದರೆ ಪಿಸ್ತೂಲ್ ಬಿಟ್ಟು ಸಿ.ಇ.ಟಿ.ಗೆ ಓದಬೇಕು ಎಂದು ವಿಜಯರಾಜಣ್ಣ ಮೊದಲೇ ಹೇಳಿಬಿಟ್ಟಿದ್ದರು. ಅದಕ್ಕೇ ಅವರು ಹೊಸದು ತೆಗೆಯಲು ಹೊರಡುವ ಮೊದಲು ನಾನು ಅವರಿಗೆ ಒಂದಲ್ಲ, ಮೂರು ಸಲ ಫೋನ್ ಮಾಡಿದ್ದೆ. ಸಣ್ಣ ಹಿಡಿ. ಸಣ್ಣದು. ಹುಡುಗಿಯನ್ನು ಕರೆದುಕೊಂಡು ಹೋಗಿ, ಅವಳ ಕೈಯಲ್ಲಿ ಹಿಡಿಸಿ ನೋಡಿ.

"ಇದು ದೊಡ್ಡ ಹಿಡಿ," ಎಂದೆ.

"ಹೌದು ಮೇಡಂ. ಅಂಗಡಿಯವ ಸಣ್ಣದೂ ತೋರಿಸಿದ. ಕೇಳಿದರೆ ಎರಡಕ್ಕೂ ಒಂದೇ ಕ್ರಯ! ಅದೇ ಕ್ರಯಕ್ಕೆ ದೊಡ್ಡದು ಸಿಗುವಾಗ ಸಣ್ಣದು ಯಾಕೆ ಮಾರಾಯ್ರೆ? ಇವಳು ಬೆಳೀತಾಳೆ. ಮತ್ತೆ ನಾಳೆ ನಮ್ಮ ಅಂಕಿತನಿಗೂ ಆಗ್ತದೆ."

ಅಂಕಿತ್ ಅವಳ ತಮ್ಮ. ಪಿಸ್ತೂಲನ್ನು ಒಮ್ಮೆಯೂ ಮುಟ್ಟದ, ಕ್ರಿಕೆಟ್ ಬಿಟ್ಟು ಬೇರೇನೂ ಬೇಡದ ಹುಡುಗ.

"ಬ್ರಾಹ್ಮಿ ಅಂಗಡಿಗೆ ಬಂದಿದ್ದಳಾ?"

"ಅವಳಿಗೆ ಕ್ಲಾಸಿತ್ತು. ನಾನು, ನನ್ನ ತಮ್ಮ, ಭಾವ ಹೋದದ್ದು. ಮೂವರೂ ಹಿಡಿದು ನೋಡಿದೆವು. ಮೂವರಿಗೂ ಸರಿ ಆಯ್ತು."

ಯಾ ಅಲ್ಲಾಹ್! ಮೂವರು ಗಂಡಸರು ಮಂಗಳೂರಿನ ತನಕ ಹೋಗಿ ತಮ್ಮ ತಮ್ಮ ಅಂಗೈ ಅಳೆದುಕೊಂಡು ಬಂದಿದ್ದಾರೆ.

ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಮರದ ಹಿಡಿಯ ಸುತ್ತ ಅಂಟಿದ್ದ ಪಾರದರ್ಶಕ ಪ್ಲಾಸ್ಟಿಕ್ ಹಾಗೆಯೇ ಇತ್ತು. ಅದರ ಮೇಲೆ ಬ್ರಾಹ್ಮಿಯ ಅಜ್ಜಿ ಇಟ್ಟ ಅರಿಶಿನ ಕುಂಕುಮ. ಇದರಿಂದ ಇರುವೆಯೂ ಸಾಯುವುದಿಲ್ಲ, ಬರೀ ಕಾಗದಕ್ಕೆ ಹೊಡೆಯುವುದು ಎಂದು ಮನೆಯವರಿಂದ ಆಣೆ ಮಾಡಿಸಿಕೊಂಡೇ ಅಜ್ಜಿ ಕುಂಕುಮ ಇಟ್ಟರಂತೆ. ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ನಾನು ಪ್ಲಾಸ್ಟಿಕ್ಕಿಗೆ ಉಗುರು ಹಾಕಿದ್ದೇ ತಡ, ವಿಜಯರಾಜಣ್ಣ ಹೌಹಾರಿದರು.

"ತೆಗೀಬೇಡಿ ಮೇಡಂ! ಕೈ ಬೆವರಿ ಮರ ಕಪ್ಪಾಗ್ತದೆ."

"ಇದು ಟಿ.ವಿ. ರಿಮೋಟಾ?" ಎಂದು ಕೇಳಿ ಸರ್ರನೆ ಎಳೆದುಬಿಟ್ಟೆ, ಕುಂಕುಮ ಮೇಜಿನ ಮೇಲೆ ಉದುರಿತು.

ಬ್ರಾಹ್ಮಿಯ ಕೈಗೆ ಕೊಟ್ಟೆ. ಹೊಡೆಯುವವರ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿ ಹಿಡಿಯ ಹಿಂಭಾಗಕ್ಕೆ ಮೆತ್ತಗೆ ಒತ್ತಿಕೊಳ್ಳಬೇಕು. ತೋರುಬೆರಳಿನ ತುದಿಯ ಗೆಣ್ಣಿನ ಮೆತ್ತೆ ಟ್ರಿಗರಿನ ಮೇಲೆ ನೇರ ಬರಬೇಕು. ಉಳಿದ ಬೆರಳುಗಳು ಹಿಸುಕದೆ ಹಿಡಿಯಬೇಕು. ಇವಳ ಬೆರಳು ಟ್ರಿಗರಿಗೆ ಮುಟ್ಟಿದ್ದೇ ಉಗುರಿನ ತುದಿಯಲ್ಲಿ. ಅಂಗೈಯ ನಡುವೆ ಒಂದು ಲಿಂಬೆಹುಳಿ ಹಿಡಿಯುವಷ್ಟು ಖಾಲಿ.

"ಕಣ್ಣು ಮುಚ್ಚು. ಕೈ ಎತ್ತು. ಈಗ ಕಣ್ಣು ಬಿಡು. ಎಲ್ಲಿಗೆ ತೋರಿಸ್ತಾ ಉಂಟು?"

ಹಿಡಿ ಸರಿ ಇದ್ದರೆ ಕಣ್ಣು ಬಿಡುವಾಗ ಪಿಸ್ತೂಲು ತಾನಾಗಿಯೇ ಗುರಿಯ ಕಡೆ ಇರುತ್ತದೆ. ಅವಳದ್ದು ಪಕ್ಕದ ಕಿಟಕಿಯ ಕಡೆ ಇತ್ತು.

"ಅಡ್ಜಸ್ಟ್ ಮಾಡ್ತೇನೆ ಮೇಡಂ," ಎಂದಳು.

ನನ್ನ ಮೈ ಉರಿದುಹೋಯಿತು. ಅಡ್ಜಸ್ಟ್! ದೊಡ್ಡಪ್ಪನ ಮಗಳ ಸಮವಸ್ತ್ರಕ್ಕೆ ಪಿನ್ನು ಹಾಕಿ ಹಾಕಿಯೇ ಹೈಸ್ಕೂಲು ಮುಗಿಸಿದವಳು ಇವಳು. ಇವಳ ಸೈಕಲ್ಲು ತಮ್ಮ ದೊಡ್ಡವನಾದ ಮೇಲೂ ಆಗಲಿ ಎಂದು ತೆಗೆದದ್ದು, ಸೀಟಿನ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಫೋನು ಇಡೀ ಮನೆಯದ್ದು. ಎಲ್ಲದಕ್ಕೂ ಇವಳೇ ಹೊಂದಿಕೊಂಡು ಬಂದಿದ್ದಾಳೆ.

"ನೀನು ಅಡ್ಜಸ್ಟ್ ಆಗ್ತಿ, ಗುರಿ ಆಗುವುದಿಲ್ಲ. ಹೊಡಿ, ನೋಡುವ."

ಹೊಡೆದಳು. ಗುಂಡುಗಳೆಲ್ಲ ಎಡಕ್ಕೆ ಹೋದವು. ಒಂದು ಕರಿ ವೃತ್ತದ ಆಚೆಯೇ ಬಿತ್ತು. ಅವಳು ಹಿಡಿಯನ್ನು ಇನ್ನಷ್ಟು ಹಿಸುಕಿದಳು, ಗುಂಡು ಇನ್ನಷ್ಟು ಎಡಕ್ಕೆ ಹೋಯಿತು.

"ಕೈಗೆ ಬಟ್ಟೆ ಸುತ್ತಿದರೆ ಹೇಗೆ?" ಹಿಂದಿನಿಂದ ವಿಜಯರಾಜಣ್ಣನ ಸಲಹೆ.

"ಎಂತ ಸಾವು ಮಾರಾಯ್ರೆ! ಸ್ವಲ್ಪ ಸುಮ್ಮನೆ ಕೂತುಕೊಳ್ಳಿ."

ಅಂಗಡಿಗೆ ಫೋನ್ ಮಾಡಿದೆ. ಸಣ್ಣ ಹಿಡಿಯದ್ದು ಇವರು ಹೋಗಿದ್ದ ದಿನವೇ ಬೇರೆಯವರಿಗೆ ಹೋಗಿತ್ತು, ಇನ್ನು ಬರುವುದು ಮುಂದಿನ ತಿಂಗಳು. ಉಳಿದದ್ದು ಒಂದೇ ದಾರಿ. ಕಪಾಟಿನಿಂದ ಮರ ಉಜ್ಜುವ ಅರ, ಉಪ್ಪುಕಾಗದ, ಪೆನ್ಸಿಲು ತಂದು ಮೇಜಿನ ಮೇಲಿಟ್ಟೆ. ಎಲ್ಲಿ ಹೆಚ್ಚಿದೆಯೋ ಅಲ್ಲಿ ಉಜ್ಜಿ ತೆಗೆಯಬೇಕು. ದೇಶದಲ್ಲಿ ಪಿಸ್ತೂಲ್ ಹೊಡೆಯುವವರೆಲ್ಲ ಮಾಡುವ ಕೆಲಸವೇ.

ವಿಜಯರಾಜಣ್ಣ ಎದ್ದೇ ನಿಂತರು. "ಹೊಸ ಸಾಮಾನಿಗೆ ಅರ ಹಾಕುವುದಾ? ಆಗಲಿಕ್ಕಿಲ್ಲ. ಮತ್ತೆ ಅಂಕಿತನಿಗೆ ಎಂತದು?"

"ಹಾಗಾದರೆ ಭಾನುವಾರದ್ದು ಬಿಡಿ. ಎಡಕ್ಕೆ ಹೊಡೀಲಿಕ್ಕೆ ಇವಳನ್ನು ನಾನು ಮಂಗಳೂರಿಗೆ ಕರೆದುಕೊಂಡು ಹೋಗುವುದಿಲ್ಲ. ಹೆಸರು ತೆಗೀತೇನೆ."

"ತೆಗೀರಿ ಬೇಕಾದರೆ!"

ನಾನೂ ಹಟಮಾರಿ. ಫೋನ್ ಎತ್ತಿಕೊಂಡೆ. ಬ್ರಾಹ್ಮಿ ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಬಂದು ಪಿಸ್ತೂಲನ್ನು ಕ್ರಮವಾಗಿ ಖಾಲಿ ಮಾಡಿ, ಹಿಡಿಯ ತಿರುಪು ಬಿಚ್ಚಿ, ಮರದ ಮೇಲೆ ತನ್ನ ಬೆರಳು ಕೂರುವ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದಳು. ಅರ ಎತ್ತಿಕೊಂಡಳು.

"ಏ ಬ್ರಾಹ್ಮಿ! ಹಾಳಾಗ್ತದೆ!"

"ಆಗಲಿ ಪಪ್ಪ."

ಆ ಹುಡುಗಿಯ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ. ಅವಳ ಅಪ್ಪನೂ ಕೇಳಿರಲಿಲ್ಲ ಎಂದು ಕಾಣುತ್ತದೆ, ಎದ್ದು ನಿಂತಿದ್ದವರು ಕೂತುಬಿಟ್ಟರು. ಅವಳು ಉಜ್ಜಿದಳು, ಹಿಡಿದು ನೋಡಿದಳು, ಮತ್ತೆ ಉಜ್ಜಿದಳು. ಮೇಜಿನ ಮೇಲೆ ಮರದ ಪುಡಿ ಬಿತ್ತು, ಅದರಲ್ಲಿ ಅಜ್ಜಿಯ ಕುಂಕುಮವೂ ಸೇರಿತ್ತು. ಎಲ್ಲಿ ನಿಲ್ಲಿಸಬೇಕು ಎಂದಷ್ಟೇ ನಾನು ಹೇಳಿದೆ. ಸಂಜೆಗೆ ಗುಂಡು ನಡುವೆ ಬೀಳತೊಡಗಿತು.

ಹೊರಡುವಾಗ ವಿಜಯರಾಜಣ್ಣ ಪಿಸ್ತೂಲನ್ನು ಕೈಗೆ ತೆಗೆದುಕೊಂಡರು. ಬೆರಳು ಹೇಗೆ ತಿರುಗಿಸಿದರೂ ಮಗಳು ಉಜ್ಜಿದ ಗುಳಿಗಳಲ್ಲಿ ಕೂರಲಿಲ್ಲ.

"ಇದು ಇನ್ನು ಅಂಕಿತನಿಗೆ ಆಗುವುದಿಲ್ಲ," ಎಂದರು.

"ಇಲ್ಲ ಪಪ್ಪ."

ಅವರು ಅದನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ನನಗೆ ಹೋಗಿ ಬರ್ತೇನೆ ಎಂದೂ ಹೇಳಲಿಲ್ಲ.

ಭಾನುವಾರ ಬ್ರಾಹ್ಮಿ ಮೂರನೆಯವಳಾಗಿ ತಂಡಕ್ಕೆ ಬಂದಳು. ಹೊರಗೆ ಬಂದರೆ ವಿಜಯರಾಜಣ್ಣ ಪೆಟ್ಟಿಗೆ ತೆರೆದು ಮಡಿಲಲ್ಲಿಟ್ಟುಕೊಂಡು, ಕರವಸ್ತ್ರದಿಂದ ಪಿಸ್ತೂಲು ಒರೆಸುತ್ತಿದ್ದರು. ಬಂಟ್ವಾಳದಿಂದ ಮಗಳನ್ನು ಕರೆತಂದಿದ್ದ ನಿಝಾಮ್ ಎನ್ನುವವರು ಅವರ ಪಕ್ಕದಲ್ಲಿ ಕೂತಿದ್ದರು.

"ಲಾಯ್ಕ ಉಂಟಲ್ಲ! ಒಮ್ಮೆ ಕೊಡಿ, ಹಿಡಿದು ನೋಡುವ," ಎಂದು ನಿಝಾಮ್ ಕೈ ಚಾಚಿದರು.

ವಿಜಯರಾಜಣ್ಣ ಪೆಟ್ಟಿಗೆಯನ್ನು ಹಿಂದಕ್ಕೆಳೆದುಕೊಂಡರು.

"ಬೇಡ. ನಿಮ್ಮ ಕೈಗೆ ಆಗುವುದಿಲ್ಲ. ನನ್ನ ಕೈಗೇ ಆಗುವುದಿಲ್ಲ. ಇದು ನನ್ನ ಮಗಳದ್ದು." ಮತ್ತೆ ಸ್ವರ ತಗ್ಗಿಸಿ, ದೊಡ್ಡ ಗುಟ್ಟು ಹೇಳುವವರಂತೆ, "ನಿಮ್ಮ ಮಗಳಿಗೆ ತೆಗೆಯುವಾಗ ಅವಳನ್ನು ಕರೆದುಕೊಂಡು ಹೋಗಿ ಮಾರಾಯ್ರೆ," ಎಂದರು.

ಮೂರು ಸಲ ಫೋನ್ ಮಾಡಿ ಗಂಟಲು ಹರಿದುಕೊಂಡು ನಾನು ಹೇಳಿದ್ದೂ ಅದನ್ನೇ ಅಲ್ಲವಾ? ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಅಷ್ಟರಲ್ಲಿ ಬ್ರಾಹ್ಮಿ ಬಂದು ಕೈ ಚಾಚಿದಳು, ಅವರು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಅವಳಿಗೆ ಕೊಟ್ಟರು.