ಚಾಪೆಯ ಮೇಲೆ ಕಂಡ ಕೂದಲು

ನಮ್ಮ ಸಮೋವಾದಲ್ಲಿ ಹೆಂಗಸರು ಬಯಲಲ್ಲಿ ಕೂದಲು ಬಿಚ್ಚುವುದಿಲ್ಲ. ಬಿಚ್ಚಿದರೆ ತೆಲೆಸಾ ಎಂಬ ಮೋಹಿನಿ ಹೊಟ್ಟೆಕಿಚ್ಚಿನಿಂದ ಬಂದು ಕಾಡುತ್ತಾಳೆ. ಆ ಮಧ್ಯಾಹ್ನ ನಾನು ಸ್ನಾನ ಮಾಡಿ, ಚಾಪೆ ಹೆಣೆಯುವ ಮನೆಯ ಮುಂದೆಯೇ ತಲೆ ಆರಿಸಿಕೊಂಡೆ. ನನ್ನ ಬುದ್ಧಿಗಿಷ್ಟು!

ಒಳಗೆ ನಮ್ಮತ್ತೆ ಲೂಪೆಸೀನಾ ಮಗಳ ಮದುವೆಗೆ ಕೊಡುವ ನವಿರೆಳೆಯ ಚಾಪೆ ಹೆಣೆಯುತ್ತಿದ್ದರು. ವರ್ಷದ ಕೆಲಸ, ಇನ್ನೊಂದು ಗೇಣು ಬಾಕಿ.

"ಸಿನಲೇಯಿ, ನಿನ್ ಕೂದ್ಲು ಚಾಪೆ ಮೇಲೆ ಬಿದ್ದಿದೆ, ತೆಗಿಯೇ."

ನೋಡಿದೆ. ಚಾಪೆ ಬೆಳ್ಳಗಿತ್ತು. "ಏನೂ ಇಲ್ವಲ್ಲ ಅತ್ತೆ."

ಅವರು ಕೈಯಿಂದ ಒರೆಸಿದರು. ಮತ್ತೆ ಒರೆಸಿದರು. ಆಮೇಲೆ ತಲೆಯೆತ್ತಿ ಸಮುದ್ರದ ಕಡೆ ನೋಡಿದರು.

"ಅಲ್ಲೂ ಇದೆ," ಎಂದು ಪಿಸುಗುಟ್ಟಿದರು. "ಕರೀ ಕೂದ್ಲು. ಒಂದೊಂದೇ ಎಳೆ ಇಳೀತಿದೆ. ನಾನು ನೋಡಿದ ಕಡೆಗೆಲ್ಲ ತೆಲೆಸಾ ಬರ್ತಾಳೆ ಕಣೇ."

ನಾನು ತಟ್ಟನೆ ಕೂದಲು ಗಂಟು ಕಟ್ಟಲು ಕೈ ಹಾಕಿದೆ. ತೆಲೆಸಾಳ ಸಿಟ್ಟು ಇಳಿಯಲಿ ಎಂದು ಅತ್ತೆ ಕತ್ತರಿ ತೆಗೆದುಕೊಂಡು ನನ್ನ ಒಂದು ಹಿಡಿ ಕೂದಲು ಕತ್ತರಿಸಿಯೇ ಬಿಟ್ಟರು. ಆದರೂ ಅವರ ಕಣ್ಣಿಗೆ ಎಳೆಗಳು ಇಳಿಯುವುದು ನಿಲ್ಲಲಿಲ್ಲ.

ಅಷ್ಟರಲ್ಲಿ ನಮ್ಮೂರಿನ ನರ್ಸ್ ಪೆನಿನಾ ಬಂದಳು. ನಾನು ನಡೆದದ್ದನ್ನು ಹೇಳಿದೆ. "ಕತ್ತರಿ ಕೆಳಗಿಡಿ ದೊಡ್ಡಮ್ಮ. ಬಲಗಣ್ಣು ಮುಚ್ಚಿ ನೋಡೋಣ."

"ಹೋದ್ಲು!"

"ಈಗ ಎಡಗಣ್ಣು ಮುಚ್ಚಿ."

ಅತ್ತೆ ಚೀರಿದರು. "ಬಂದ್ಲು!"

"ಹೊರಗಿರೋ ದೆವ್ವ ಆಗಿದ್ರೆ ಎರಡು ಕಣ್ಣಿಗೂ ಕಾಣ್ಬೇಕಿತ್ತು. ಇದು ನಿಮ್ ಬಲಗಣ್ಣಿನ ಒಳಗೇ ಇದೆ. ಅದು ರಕ್ತ. ಸಕ್ಕರೆ ಕಾಯಿಲೆ ಮಾತ್ರೆ ದಿನಾ ತಗೋತೀರಾ?"

"ತಲೆ ಸುತ್ತಿದ ದಿನ ತಗೋತೀನಮ್ಮ."

"ಕಣ್ಣಿನ ಹಿಂಭಾಗದಲ್ಲಿ ಒಂದು ಪರದೆ ಇದೆ. ಅದರಿಂದ್ಲೇ ನಮಗೆ ಕಾಣೋದು. ಸಕ್ಕರೆ ವರ್ಷಗಟ್ಲೆ ಹೆಚ್ಚಿದ್ರೆ ಅಲ್ಲಿರೋ ಸಣ್ಣ ರಕ್ತನಾಳ ಹಾಳಾಗಿ ಸೋರುತ್ತೆ, ಒಡೆಯುತ್ತೆ."

"ನೋವೇ ಇಲ್ದೆ? ಸುಮ್ನಿರೇ!"

"ನೋವಾಗಲ್ಲ ದೊಡ್ಡಮ್ಮ. ಅದೇ ಭಯ."

ಆರು ತಿಂಗಳಿಂದ ಅತ್ತೆ ಹಾಡುಹಗಲಲ್ಲೇ "ದೀಪ ತಾರೇ" ಎನ್ನುತ್ತಿದ್ದುದು ನನಗೆ ನೆನಪಾಯಿತು. ನಾವು ನಕ್ಕಿದ್ದೆವು. ಆಗಲೇ ಅವರ ಕಣ್ಣು ಮಂಜಾಗುತ್ತಿತ್ತು.

ಅಂದೇ ಹಡಗು ಹತ್ತಿ ಪಟ್ಟಣದ ಆಸ್ಪತ್ರೆಗೆ ಹೋದೆವು. ಡಾಕ್ಟರು ಎಡಗಣ್ಣಿನ ಪರದೆಯ ಚಿತ್ರ ತೋರಿಸಿದರು. ಚೆನ್ನಾಗಿದೆ ಎಂದುಕೊಂಡಿದ್ದ ಆ ಕಣ್ಣಿನ ತುಂಬ ಕೆಂಪು ಚುಕ್ಕೆಗಳು! ತೆಲೆಸಾಳಿಗೂ ನಾನು ಅಷ್ಟು ಹೆದರಿರಲಿಲ್ಲ.

ಲೇಸರ್ ಚಿಕಿತ್ಸೆಯಿಂದ ಎಡಗಣ್ಣು ಉಳಿಯಿತು. ಬಲಗಣ್ಣು ಪೂರ್ತಿ ತಿಳಿಯಾಗಲಿಲ್ಲ. ಅತ್ತೆ ಈಗ ಮಾತ್ರೆ ತಪ್ಪಿಸುವುದಿಲ್ಲ, ಸಕ್ಕರೆ ಹಾಕದೆ ಕೋಕೋ ಕುಡಿದು ಮುಖ ಕಿವುಚುತ್ತಾರೆ. ಉಳಿದ ಗೇಣು ಚಾಪೆಯನ್ನು ಒಂದೇ ಕಣ್ಣಿನಲ್ಲಿ ಹೆಣೆದು ಮುಗಿಸಿದರು. ಮದುವೆಯ ದಿನ ಅದನ್ನು ಹರಡಿದಾಗ ನನ್ನ ಕಿವಿಯಲ್ಲಿ ಕೇಳಿದರು: "ಕೂದ್ಲು ಬಿದ್ದಿಲ್ಲ ತಾನೇ?"

ಸಕ್ಕರೆ ಕಾಯಿಲೆ ಇರುವ ಅಕ್ಕ ಅಣ್ಣಂದಿರೇ, ಈಗಲೇ ಒಂದು ಕಣ್ಣು ಮುಚ್ಚಿ ಎದುರಿನ ಗೋಡೆ ನೋಡಿ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ. ಎಳೆ ಕಂಡರೆ, ಮಬ್ಬಾದರೆ, ಇವತ್ತೇ ಆಸ್ಪತ್ರೆಗೆ ಹೊರಡಿ. ಎಳೆ, ಮಬ್ಬು ಏನೂ ಇಲ್ಲದಿದ್ದರೂ ಸಕ್ಕರೆ ಹತೋಟಿಯಲ್ಲಿಡಿ, ವರ್ಷಕ್ಕೊಮ್ಮೆ ಕಣ್ಣಿನ ಪರದೆ ಪರೀಕ್ಷೆ ಮಾಡಿಸಿ. ನಮ್ಮತ್ತೆಗೂ ಹಿಂದಿನ ದಿನದವರೆಗೆ ಒಂದು ಎಳೆಯೂ ಕಂಡಿರಲಿಲ್ಲ.