ಏಳು ಸಲ ಕಟ್ಟಿದ ಚರಂಡಿ

ನೀರು ಮತ್ತು ಒಳಚರಂಡಿ ಕಚೇರಿಯ ಎರಡನೇ ಮಹಡಿಯಲ್ಲಿ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದವರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಗೋಡೆಗೆ ಅಂಟಿಸಿದ ಒಂದು ಉದ್ದನೆಯ ಪಟ್ಟಿ. ಊರಿನ ಯಾವ ಪೈಪನ್ನು ಯಾವ ವರ್ಷ ಅಗೆದು ಬದಲಾಯಿಸಬೇಕು, ಯಾವುದಕ್ಕೆ ಬರೀ ರಿಪೇರಿ ಸಾಕು ಎಂದು ಮುಂದಿನ ಐದು ವರ್ಷಗಳ ಲೆಕ್ಕಾಚಾರವೆಲ್ಲ ಅದರಲ್ಲಿತ್ತು. ಅದನ್ನು ಮಾಡಿದವಳು ಯೋಜನಾ ವಿಭಾಗದ ಕಿರಿಯ ಇಂಜಿನಿಯರು, ಇಪ್ಪತ್ತಾರರ ಹುಡುಗಿ. ಪಟ್ಟಿ ಗೋಡೆ ಏರಿದ ದಿನದಿಂದ ಕಚೇರಿಗೆಲ್ಲ ಅವಳು ಪಟ್ಟಿಯಮ್ಮ. ಕ್ಯಾಂಟೀನಿನವನೂ "ಪಟ್ಟಿಯಮ್ಮನಿಗೆ ಒಂದು ಟೀ" ಎಂದೇ ಕೂಗುತ್ತಿದ್ದ. ಅವಳಿಗೂ ಅದು ಕೇಳಲು ಹಿತವಾಗಿಯೇ ಇತ್ತು.

ಹಿತವಾಗದೆ ಏನು? ನೆಲಮಾಳಿಗೆಯ ಹಳೆಯ ನಕ್ಷೆಗಳನ್ನೆಲ್ಲ ಗೆದ್ದಲು ತಿಂದು ಮುಗಿಸಿದ್ದವು. ಉಳಿದದ್ದು ಒಳಚರಂಡಿ ಮೇಸ್ತ್ರಿ ದಿನದಿನವೂ ಬರೆದಿಟ್ಟ ಮೂವತ್ತೊಂದು ನೋಟ್‌ಪುಸ್ತಕ. ಎಣ್ಣೆ ಕಲೆ, ಕೆಸರಿನ ಬೆರಳಚ್ಚು, ಪೆನ್ಸಿಲಿನ ಗೀಚು. ಆ ಪುಸ್ತಕಗಳನ್ನು ಎಂಟು ತಿಂಗಳು ಕೂತು ಒಂದೊಂದೇ ಸಾಲು ಕಂಪ್ಯೂಟರಿಗೆ ಹತ್ತಿಸಿದವಳು ಅವಳೇ. ಯಾವ ಪೈಪು ಯಾವ ವರ್ಷದ್ದು ಎಂಬುದನ್ನು ಊರಿನಲ್ಲಿ ಮೊದಲ ಬಾರಿಗೆ ಒಂದು ಗುಂಡಿ ಒತ್ತಿ ಹೇಳುವ ಹಾಗಾಗಿತ್ತು. ಮುಖ್ಯ ಇಂಜಿನಿಯರ್ ಮೇಡಂ ಅವಳ ಬೆನ್ನು ತಟ್ಟಿದ್ದರು. ಗುರುವಾರ ನಗರಸಭೆಯ ನೀರು ಸಮಿತಿಯ ಸಭೆ. ಅಲ್ಲಿ ಒಪ್ಪಿಗೆಯಾದರೆ ಪಟ್ಟಿ ಐದು ವರ್ಷಕ್ಕೆ ಕಲ್ಲಿನಲ್ಲಿ ಕೊರೆದ ಹಾಗೆ. ಆಮೇಲೆ ಒಂದು ಸಾಲು ಕದಲಿಸಲೂ ಯಾರಪ್ಪನ ಕೈಯಲ್ಲೂ ಆಗದು.

ಸೋಮವಾರ ಬೆಳಿಗ್ಗೆ ಮೇಸ್ತ್ರಿ ರಜೆಯ ಅರ್ಜಿ ಕೊಡಲು ಮೇಲೆ ಬಂದವರು ಪಟ್ಟಿಯ ಮುಂದೆ ನಿಂತರು. ಕನ್ನಡಕವನ್ನು ಹಣೆಗೆ ಏರಿಸಿ, ಮತ್ತೆ ಇಳಿಸಿ, ಬೆರಳಿಟ್ಟು ಮೇಲಿಂದ ಕೆಳಗಿನವರೆಗೆ ಓದಿದರು. ಮತ್ತೆ ಮೇಲಿಂದ ಓದಿದರು.

"ತಾಯಿ, ಆಸ್ಪತ್ರೆ ಹಿಂದಿನ ಲೈನು ಎಲ್ಲಿದೆ? ಕಾಣ್ತಾನೇ ಇಲ್ವಲ್ಲ."

"ಅದು ಇಲ್ಲ ಮೇಸ್ತ್ರಿ. ಅದು ಹೊಸದು."

"ಯಾವುದು ಹೊಸದು?"

"ಆಸ್ಪತ್ರೆ ಹಿಂದಿನದು. ಆಗಿ ಇನ್ನೂ ಎರಡೇ ವರ್ಷ."

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. "ಎರಡು ವರ್ಷನಾ? ನಾನು ಮೀಸೆ ಬರದೆ ಇರೋ ಹುಡುಗ ಈ ಕೆಲಸಕ್ಕೆ ಸೇರಿದಾಗಲೇ ಅದು ಮುದುಕಿ ಆಗಿತ್ತು. ಮಣ್ಣಿನ ಪೈಪು ತಾಯಿ ಅದು. ಸುಟ್ಟ ಮಣ್ಣಿಂದು. ಯಾರು ಹೇಳಿದ್ದು ನಿಮಗೆ?"

"ನೀವೇ ಬರ್ದಿದೀರಿ," ಎಂದಳು ಅವಳು, ಗೆಲ್ಲುವ ದನಿಯಲ್ಲೇ. ಬೀರುವಿನಿಂದ ಇಪ್ಪತ್ತೊಂಬತ್ತನೇ ಪುಸ್ತಕ ತೆಗೆದು ಪುಟ ಬಿಡಿಸಿ ಮೇಜಿನ ಮೇಲೆ ಇಟ್ಟಳು. "ನೋಡಿ, ನಿಮ್ಮ ಕೈಬರಹ. 'ಆಸ್ಪತ್ರೆ ಹಿಂದೆ ಲೈನ್ ಕಟ್ಟಿದೆ.' ತಾರೀಖು ಸಮೇತ ಇದೆ."

"ಹೌದು. ಕಟ್ಟಿತ್ತು."

"ಮತ್ತೆ?"

"ಮತ್ತೇನು? ಕಟ್ಟಿತ್ತು, ರಾಡು ಹಾಕಿ ಬಿಡಿಸಿದ್ವಿ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಬೇಕಾಯ್ತು."

ಅವಳು ಬಗ್ಗಿ ಆ ಸಾಲನ್ನು ಮತ್ತೊಮ್ಮೆ ಓದಿದಳು. ಪಕ್ಕದ ಮೇಜಿನ ನಕ್ಷೆಗಾರ ಪೆನ್ನು ಕೆಳಗಿಟ್ಟು ಕುರ್ಚಿಯನ್ನು ಇತ್ತ ತಿರುಗಿಸಿದ.

"ನೀವು ಏನಂತ ತಿಳ್ಕೊಂಡ್ರಿ?" ಎಂದು ಕೇಳಿದ ಮೇಸ್ತ್ರಿಗೆ ಅಷ್ಟರಲ್ಲಿ ತಾನಾಗಿಯೇ ಹೊಳೆಯಿತು. "ಅಯ್ಯೋ! ಮನೆ ಕಟ್ಟಿದ ಹಾಗೆ ಕಟ್ಟಿದೆ ಅಂತನಾ? ಅಲ್ಲ ತಾಯಿ, ನೆಗಡಿ ಬಂದು ಮೂಗು ಕಟ್ಟಿದೆ ಅಂದ್ರೆ, ಮೇಸ್ತ್ರಿ ಕರೆಸಿ ಹೊಸ ಮೂಗು ಕಟ್ಟಿಸಿದ್ರು ಅಂತೀರಾ?"

ನಕ್ಷೆಗಾರ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳಿಗೂ ತುಟಿ ತುದಿಯಲ್ಲಿ ನಗು ಬಂದಿತ್ತು. ಆದರೆ ಕೈಗಳು ಆಗಲೇ ಹಿಂದಿನ ಪುಸ್ತಕಗಳನ್ನು ಎಳೆಯುತ್ತಿದ್ದವು. ಇಪ್ಪತ್ತೇಳನೆಯದರಲ್ಲಿ 'ಆಸ್ಪತ್ರೆ ಹಿಂದೆ ಲೈನ್ ಕಟ್ಟಿದೆ'. ಇಪ್ಪತ್ತನಾಲ್ಕರಲ್ಲಿ ಎರಡು ಸಲ. ಹದಿನೆಂಟರಲ್ಲಿ, ಹದಿನೈದರಲ್ಲಿ, ಒಂಬತ್ತರಲ್ಲಿ. ಒಂದೇ ಚರಂಡಿಯನ್ನು ಈ ಊರು ಏಳು ಸಲ ಕಟ್ಟಿತ್ತು! ಎರಡನೇ ಸಲದಿಂದ ಕಂಪ್ಯೂಟರು 'ಈ ಲೈನಿಗೆ ಆಗಲೇ ಒಂದು ನಿರ್ಮಾಣ ವರ್ಷ ಇದೆ, ಬದಲಾಯಿಸಬೇಕೆ?' ಎಂದು ಕೇಳಿರಬೇಕು. ಪ್ರತಿ ಸಲವೂ ಅವಳು 'ಹೌದು' ಒತ್ತಿದ್ದಳು. ಎಷ್ಟು ಸಲ ಕಟ್ಟಿಕೊಂಡಿತೋ ಅಷ್ಟು ಸಲ ಆ ಮುದುಕಿಗೆ ಪ್ರಾಯ ಬಂದಿತ್ತು.

ದಾರಿ ತಪ್ಪಿಸಿದ್ದು ಮೊದಲ ಪುಸ್ತಕ. ಹೊಸ ಬಡಾವಣೆಗೆ ಇಟ್ಟಿಗೆಯ ಚೇಂಬರುಗಳನ್ನು ನಿಜವಾಗಿಯೂ ಕಟ್ಟುತ್ತಿದ್ದ ವರ್ಷದ್ದು ಅದು. ಪುಟದ ತುಂಬ 'ಚೇಂಬರ್ ಕಟ್ಟಿದೆ, ಚೇಂಬರ್ ಕಟ್ಟಿದೆ'. ಅಲ್ಲಿ ಕಣ್ಣಿಗೆ ಅಂಟಿದ ಅರ್ಥ ಮೂವತ್ತೊಂದನೇ ಪುಸ್ತಕದವರೆಗೂ ಬಿಡಲಿಲ್ಲ.

"ಈಗ ಆ ಲೈನು ಹೇಗಿದೆ?" ಎಂದು ಕೇಳಿದಳು.

ಮೇಸ್ತ್ರಿಯ ಮುಖದ ನಗು ಇಳಿಯಿತು. "ರಾಡು ಎಳೆದಾಗ ತುದೀಲಿ ಕೆಂಪು ಮಣ್ಣು ಬರುತ್ತೆ. ಪೈಪಿನೊಳಗೆ ಮಣ್ಣು ಎಲ್ಲಿಂದ ಬರಬೇಕು ಹೇಳಿ? ಮೇಲಿನ ರಸ್ತೆಯಿಂದ. ಆಂಬುಲೆನ್ಸ್ ಓಡಾಡೋ ರಸ್ತೆ ಅದು."

*

ಮಂಗಳವಾರ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಅವಳು ಇಡೀ ಕಥೆಯನ್ನು ಅಕ್ಕ-ಭಾವನ ಮುಂದೆ ಬಿಚ್ಚಿಟ್ಟಳು. ಅಕ್ಕ ಇಸ್ತ್ರಿ ಪೆಟ್ಟಿಗೆ ಒತ್ತುತ್ತಲೇ ಕೇಳಿಸಿಕೊಂಡಳು.

"ಆ ಒಂದು ಸಾಲು ಸರಿ ಮಾಡಿ ಸುಮ್ಮನಿರು. ಕಂಪ್ಯೂಟರಲ್ಲಿ ತಾನೇ ಇರೋದು? ಯಾರಿಗೆ ಗೊತ್ತಾಗುತ್ತೆ?"

"ಒಂದು ಸಾಲಲ್ಲ ಅಕ್ಕ. 'ಕಟ್ಟಿದೆ' ಇನ್ನೂರ ಹನ್ನೆರಡು ಕಡೆ ಇದೆ. ಯಾವುದು ಕಟ್ಟಿದ್ದು, ಯಾವುದು ಕಟ್ಟಿಕೊಂಡಿದ್ದು, ಯಾರಿಗೆ ಗೊತ್ತು?"

"ನೋಡಿದ್ಯಾ, ಮದುವೆಗೆ ಮುಂಚೆ ನಿಮ್ಮಕ್ಕನೂ ಹೀಗೇ ಮೋಸ ಹೋಗಿದ್ದು," ಎಂದರು ಭಾವ, ರೊಟ್ಟಿಗೆ ಬೆಣ್ಣೆ ಸವರುತ್ತಾ. "ನಾನು ಮನೆ ಕಟ್ಟಿದೀನಿ ಅಂದೆ. ಬಾಡಿಗೆ ಕಟ್ಟಿದೀನಿ ಅಂತ ಇವಳಿಗೆ ಆಮೇಲೆ ತಿಳೀತು."

"ನಿಮ್ಮ ಬಾಯಿಗೆ ಯಾರೂ ಬೀಗ ಹಾಕಲ್ವಲ್ಲ," ಎಂದ ಅಕ್ಕ, ತಂಗಿಯ ಕಡೆ ತಿರುಗಿ ದನಿ ತಗ್ಗಿಸಿದಳು. "ಗುರುವಾರ ಎದ್ದು ನಿಂತು ಎಲ್ಲಾ ತಪ್ಪು ಅಂದ್ರೆ, ಎಂಟು ತಿಂಗಳ ಕೆಲಸ ನೀರಿಗೆ ಹೋಗುತ್ತೆ ಕಣೇ. ನಿನ್ನನ್ನ ಇನ್ಯಾರು ನಂಬ್ತಾರೆ?"

ಅದೇ ಪ್ರಶ್ನೆ ಅವಳನ್ನೂ ರಾತ್ರಿಯಿಡೀ ಕಾಡಿತ್ತು. ಆದರೆ ಚೀಲ ಹೆಗಲಿಗೇರಿಸಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಅದಕ್ಕೆ ಉತ್ತರವೂ ತನ್ನಲ್ಲೇ ಇದೆ ಅನ್ನಿಸಿತು. ಕೂತು ತಪ್ಪಾಗಿ ಓದಿದ್ದನ್ನು ಕೂತೇ ಸರಿಯಾಗಿ ಓದಬೇಕು. ಇರುವುದು ಎರಡು ದಿನ. ಸಾಲುಗಳು ಇನ್ನೂರ ಹನ್ನೆರಡು. ಎಂಟು ತಿಂಗಳು ಕೂತವಳಿಗೆ ಇದೇನು ಮಹಾ?

ಮೇಸ್ತ್ರಿ ರಜೆಯ ಅರ್ಜಿ ವಾಪಸು ಪಡೆದು ಅವಳ ಮೇಜಿನ ಎದುರು ಕುರ್ಚಿ ಎಳೆದುಕೊಂಡರು. ಮೊದಲ ಹತ್ತು ಸಾಲನ್ನು ನೆನಪಿನಿಂದಲೇ ಹೇಳಿದರು. ಹನ್ನೊಂದನೆಯದಕ್ಕೆ ತಲೆ ಕೆರೆದುಕೊಂಡರು. ಆಗ ಅವಳ ಕಣ್ಣು ಪುಟದ ಬಲ ಅಂಚಿಗೆ ಬಿತ್ತು. ಅಲ್ಲಿ ಪುಟ್ಟ ಅಕ್ಷರದಲ್ಲಿ ಏನೋ ಇತ್ತು. ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವಿಲ್ಲವೆಂದು ಅವಳು ಟೈಪು ಮಾಡದೆ ಬಿಟ್ಟ ಅಂಚು.

"ಇದೇನು ಮೇಸ್ತ್ರಿ, ಪಕ್ಕದಲ್ಲಿ?"

"ಅದಾ? ಆವತ್ತು ಸ್ಟೋರಿಂದ ಏನು ತಗೊಂಡೆ ಅಂತ. ಸ್ಟೋರಿನವನು ಮಹಾ ಕಿರಿಕಿರಿ. ಬರೆದಿಟ್ಟುಕೊಳ್ಳದಿದ್ರೆ ತಲೆ ತಿಂತಿದ್ದ."

ಅವಳು ಬೆರಳಿಟ್ಟು ಓದಿದಳು. "'ಇಟ್ಟಿಗೆ, ಸಿಮೆಂಟು.'" ಪುಟ ತಿರುಗಿಸಿದಳು. "'ರಾಡು, ಬಕೆಟ್ಟು.'"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇಟ್ಟಿಗೆ ಸಿಮೆಂಟು ತಗೊಂಡಿದ್ರೆ ಕಟ್ಟಿದ್ದು," ಎಂದಳು.

"ರಾಡು ಬಕೆಟ್ಟು ತಗೊಂಡಿದ್ರೆ ಕಟ್ಟಿಕೊಂಡಿದ್ದು," ಎಂದರು ಮೇಸ್ತ್ರಿ. "ಆ ಸ್ಟೋರಿನವನಿಗೆ ಒಂದು ಹಾರ ಹಾಕಬೇಕು ತಾಯಿ!"

ಆಮೇಲೆ ಕೆಲಸ ಕುದುರೆಯಂತೆ ಓಡಿತು. ಮೇಸ್ತ್ರಿ ಅಂಚು ಓದುವುದು, ಅವಳು ಗುರುತು ಹಾಕುವುದು. ನೂರ ನಲವತ್ತು ಕಡೆ ಲೈನು ಕಟ್ಟಿಕೊಂಡಿತ್ತು. ಅರವತ್ತೊಂದು ಕಡೆ ಚೇಂಬರು ಕಟ್ಟಿದ್ದರು. ಹನ್ನೊಂದರ ಅಂಚು ಖಾಲಿ, ಮೇಸ್ತ್ರಿಯ ನೆನಪೂ ಖಾಲಿ. "ಇವಕ್ಕೂ ಹಳೇದು ಅಂತ ಹಾಕಿಬಿಡಿ ಅತ್ಲಾಗೆ," ಎಂದರು ಅವರು, ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾ.

"ಬೇಡ," ಎಂದಳು ಅವಳು. "ಗೊತ್ತಿಲ್ಲ ಅಂತ ಹಾಕ್ತೀನಿ."

ಮಧ್ಯಾಹ್ನ ಆಸ್ಪತ್ರೆಯ ಹಿಂದೆ ಮ್ಯಾನ್‌ಹೋಲ್ ತೆಗೆದು, ಉದ್ದನೆಯ ಕೇಬಲ್ಲಿನ ತುದಿಗೆ ಕ್ಯಾಮೆರಾ ಕಟ್ಟಿ ಪೈಪಿನೊಳಗೆ ಬಿಟ್ಟರು. ವ್ಯಾನಿನ ಹಿಂಬದಿಯ ಪುಟ್ಟ ಪರದೆಯಲ್ಲಿ ಕಂದು ಬಣ್ಣದ ಸುರಂಗ ಮೆಲ್ಲಗೆ ಹಿಂದೆ ಸರಿಯುತ್ತಾ ಹೋಯಿತು. ಬೇರುಗಳು ಗಡ್ಡದ ಹಾಗೆ ಜೋತಾಡುತ್ತಿದ್ದವು. ಮುಂದೆ ಒಂದು ಬಿರುಕು, ಆಮೇಲೆ ಇನ್ನೊಂದು. ನೂರ ಹದಿನೆಂಟನೇ ಮೀಟರಿನಲ್ಲಿ ಪೈಪಿನ ನೆತ್ತಿಯೇ ಇರಲಿಲ್ಲ. ಅದರ ಮೇಲೆ ಮಣ್ಣೂ ಇರಲಿಲ್ಲ. ಒಂದು ಕಪ್ಪು ಗುಹೆ. ಅದೇ ಗಳಿಗೆಗೆ ಅವರ ಬೆನ್ನ ಹಿಂದೆ ಆಂಬುಲೆನ್ಸ್ ಒಂದು ಸದ್ದು ಮಾಡುತ್ತಾ ಹಾದುಹೋಯಿತು. ಪರದೆಯಲ್ಲಿ ಗುಹೆಯ ಅಂಚಿನಿಂದ ಒಂದು ಹಿಡಿ ಮಣ್ಣು ಉದುರಿತು.

ಅವಳು ಆ ಜಾಗದ ಸುತ್ತ ತಾನೇ ನಿಂತು ಬೇಲಿ ಹಾಕಿಸಿ, ಗಾಡಿಗಳು ರಸ್ತೆಯ ಇನ್ನೊಂದು ಮಗ್ಗುಲಲ್ಲೇ ಹೋಗುವ ಹಾಗೆ ಮಾಡಿ, ಕಚೇರಿಗೆ ಹಿಂದಿರುಗಿದಳು.

*

ಬುಧವಾರ ಮುಖ್ಯ ಇಂಜಿನಿಯರ್ ಮೇಡಂ ಹೊಸ ಪಟ್ಟಿಯನ್ನು ಓದಿದರು. ಆಸ್ಪತ್ರೆಯ ಲೈನು ಮೊದಲ ವರ್ಷದ ಮೊದಲ ಕೆಲಸ. ಅದಕ್ಕೆ ಜಾಗ ಮಾಡಲು ಉದ್ಯಾನದ ಬೀದಿಯ ನೀರಿನ ಪೈಪು ಎರಡನೇ ವರ್ಷಕ್ಕೆ ಸರಿದಿತ್ತು. ಕೊನೆಯಲ್ಲಿ 'ಗೊತ್ತಿಲ್ಲ' ಎಂಬ ತಲೆಬರಹದ ಕೆಳಗೆ ಹನ್ನೊಂದು ಲೈನು.

"ಕೆಲಸ ಚೆನ್ನಾಗಿದೆ," ಎಂದರು. "ಸಭೇಲಿ ಜಾಸ್ತಿ ಎಳೆದಾಡೋದು ಬೇಡ. 'ಹಳೆಯ ಪುಸ್ತಕಗಳ ಬರಹ ಸ್ಪಷ್ಟವಾಗಿರಲಿಲ್ಲ' ಅಂತ ಒಂದು ಸಾಲು ಸೇರಿಸಿ. ಮುಗೀತು."

"ಬರಹ ಸ್ಪಷ್ಟವಾಗಿಯೇ ಇತ್ತು ಮೇಡಂ. ನಾನು ಓದಿದ್ದು ತಪ್ಪು."

"ಅದು ನನಗೂ ಗೊತ್ತು, ನಿಮಗೂ ಗೊತ್ತು."

"ಆ ಪುಸ್ತಕ ಸರಿಯಿಲ್ಲ ಅಂದ್ರೆ ಇಡೀ ಪಟ್ಟಿ ಬಿದ್ದುಹೋಗುತ್ತೆ. ಪಟ್ಟಿ ನಿಂತಿರೋದೇ ಆ ಪುಸ್ತಕದ ಮೇಲೆ."

ಮೇಡಂ ಪೆನ್ನಿನ ಮುಚ್ಚಳವನ್ನು ಒಂದೆರಡು ಸಲ ತೆಗೆದು ಹಾಕಿದರು. "ಹಾಗಾದ್ರೆ ನೀವೇ ಹೇಳಬೇಕು. ನಾನು ಅಡ್ಡ ಬರಲ್ಲ, ಆಸರೆಗೂ ಬರಲ್ಲ."

"ಹೇಳ್ತೀನಿ," ಎಂದಳು.

ಗುರುವಾರ ಸಭೆಯ ಕೋಣೆಯಲ್ಲಿ ಒಂಬತ್ತು ಜನ ಸದಸ್ಯರಿದ್ದರು. ಅವಳು ಸುತ್ತಿ ಬಳಸಲಿಲ್ಲ. "ಹೋದ ವಾರ ನಿಮಗೆ ಕಳಿಸಿದ ಪಟ್ಟಿ ತಪ್ಪು. ತಪ್ಪು ನನ್ನದು," ಎಂದು ಶುರು ಮಾಡಿ, 'ಕಟ್ಟಿದೆ' ಎಂಬ ಒಂದು ಪದ ತನಗೆ ಹೇಗೆ ಕೈಕೊಟ್ಟಿತು ಎಂದು ಹೇಳಿದಳು. ಏಳು ಸಲ ಕಟ್ಟಿದ ಚರಂಡಿಯ ಕಥೆಗೆ ಕೋಣೆಯಲ್ಲಿ ನಗು ಹೊಮ್ಮಿತು. ನಂತರ ಕ್ಯಾಮೆರಾದ ಚಿತ್ರ ಗೋಡೆಯ ಮೇಲೆ ಬಂತು. ನಗು ಅಲ್ಲಿಗೇ ನಿಂತಿತು.

ಉದ್ಯಾನದ ಬೀದಿಯ ಸದಸ್ಯರು ಮಾತ್ರ ಬಿಗಿದ ಮುಖ ಸಡಿಲಿಸಲಿಲ್ಲ. "ನಮ್ಮ ಬೀದಿ ಹಿಂದಕ್ಕೆ ಹೋಯ್ತು. ಸರಿ. ಆದರೆ ಹೋದ ವಾರದ ಪಟ್ಟಿ ತಪ್ಪು ಅಂದಮೇಲೆ ಈ ವಾರದ್ದು ಸರಿ ಅಂತ ಯಾವ ಬಾಯಲ್ಲಿ ಹೇಳ್ತೀಯಮ್ಮ? ಸಾಲದ್ದಕ್ಕೆ ಇಲ್ಲಿ 'ಗೊತ್ತಿಲ್ಲ' ಅಂತ ಬೇರೆ ಬರ್ದಿದೀಯ. ಪಟ್ಟೀಲಿ ಯಾರಾದ್ರೂ ಗೊತ್ತಿಲ್ಲ ಅಂತ ಬರೀತಾರಾ?"

"ಹೋದ ವಾರದ ಪಟ್ಟೀಲಿ ಆ ಮಾತು ಒಂದು ಕಡೆನೂ ಇರ್ಲಿಲ್ಲ ಸರ್. ಎಲ್ಲಾ ಗೊತ್ತು ಅಂತಲೇ ಇತ್ತು. ಅದಕ್ಕೇ ಅದು ತಪ್ಪಾಗಿದ್ದು." ಲೆಕ್ಕ ಅವಳ ಬೆರಳ ತುದಿಯಲ್ಲಿತ್ತು. "ನೂರ ನಲವತ್ತರಲ್ಲಿ ನೀವು ಯಾವುದನ್ನಾದರೂ ಆರಿಸಿ. ಆ ದಿನ ಸ್ಟೋರಿಂದ ಏನು ತಗೊಂಡ್ರು ಅಂತ ಪುಸ್ತಕದ ಅಂಚಲ್ಲಿ ತೋರಿಸ್ತೀನಿ. ಗೊತ್ತಿಲ್ಲದ ಹನ್ನೊಂದಕ್ಕೆ ಮೂರು ತಿಂಗಳೊಳಗೆ ಕ್ಯಾಮೆರಾ ಬಿಡ್ತೀವಿ. ನಿಮ್ಮ ಬೀದಿ ಪೈಪು ತೆಳುವಾಗಿದೆ, ನಿಜ, ಆದರೆ ಒಡೆದಿಲ್ಲ. ನಲ್ಲೀಲಿ ನೀರಿನ ಒತ್ತಡ ಕಮ್ಮಿ ಆಗಿರೋದು ಒಂದು ಕೆಟ್ಟ ವಾಲ್ವಿನಿಂದ. ಅದನ್ನ ಈ ತಿಂಗಳೇ ಬದಲಾಯಿಸ್ತೀವಿ. ಪೈಪು ಒಂದು ವರ್ಷ ತಡೆಯುತ್ತೆ. ಆಸ್ಪತ್ರೆ ರಸ್ತೆ ತಡೆಯಲ್ಲ."

ಆ ಸದಸ್ಯರು ನಿಜಕ್ಕೂ ಮೂರು ಲೈನು ಆರಿಸಿದರು. ಪುಸ್ತಕಗಳು ಮೇಜಿನ ಮೇಲೆಯೇ ಇದ್ದವು. ರಾಡು, ಬಕೆಟ್ಟು. ರಾಡು, ಬಕೆಟ್ಟು. ಮೂರನೆಯದರ ಅಂಚಿನಲ್ಲಿ 'ರಾಡು, ಬಕೆಟ್ಟು' ಜೊತೆಗೆ 'ಸ್ಟೋರಿನವನಿಗೆ ಬುದ್ಧಿ ಇಲ್ಲ' ಎಂದೂ ಇತ್ತು. ಅವರು ಅದನ್ನು ಗಟ್ಟಿಯಾಗಿ ಓದಿ, ಈ ಸಲ ತಾವೇ ನಕ್ಕುಬಿಟ್ಟರು. "ಈ ತಿಂಗಳೇ ಅಂದ್ಯಲ್ಲ, ವಾಲ್ವು? ಬರಕೋತೀನಿ," ಎಂದು ಡೈರಿ ತೆಗೆದರು. ಕೈಗಳು ಮೇಲೆದ್ದವು. ಒಂಬತ್ತೂ.

ಹೊರಗೆ ಮೆಟ್ಟಿಲ ಬಳಿ ಮೇಸ್ತ್ರಿ ಗೋಡೆಗೆ ಒರಗಿ ನಿಂತಿದ್ದರು.

"ಏನಾಯ್ತು ತಾಯಿ?"

"ಮೊದಲನೇ ಕೆಲಸ. ಸೋಮವಾರ ಶುರು."

"ಸೋಮವಾರನಾ!" ಮೇಸ್ತ್ರಿ ಬೆರಳು ಮಡಚಲು ಶುರು ಮಾಡಿದರು. "ಪಂಪು ಬೇಕು, ಎರಡು. ಮೇಲಿನ ಚೇಂಬರಿಂದ ಕೊಳಚೆ ನೀರು ಎತ್ತಿ ಕೆಳಗಿನದಕ್ಕೆ ಬಿಡಬೇಕು. ರಸ್ತೆ ಪೂರ್ತಿ ಮುಚ್ಚಬೇಕು. ಅಲ್ಲ, ಆಂಬುಲೆನ್ಸ್ ಎಲ್ಲಿಂದ ಹೋಗುತ್ತೆ? ಆಸ್ಪತ್ರೆಯವರನ್ನ ಕೇಳಬೇಕಲ್ಲ. ಅವರು ಒಪ್ಪೋಕೇ ಒಂದು ವಾರ ಎಳೀತಾರೆ."

"ಪೂರ್ವದ ಗೇಟಿಂದ ಹೋಗುತ್ತೆ. ಒಪ್ಪಿಕೊಂಡಿದ್ದಾರೆ. ಬೀಗ ತೆಗೆಸಿ ಆಗಿದೆ."

"ಯಾವಾಗ ಕೇಳಿದ್ರಿ?"

"ನಿನ್ನೆ."

ಮಡಚಿದ ಬೆರಳು ಹಾಗೆಯೇ ನಿಂತಿತು. "ನಿನ್ನೆನಾ? ಸಭೆ ಒಪ್ಪೋಕೆ ಮುಂಚೆನೇ?"

"ಹೂಂ," ಎಂದು ಅವಳು ಪುಸ್ತಕಗಳ ಅರ್ಧ ಹೊರೆಯನ್ನು ಅವರ ಕೈಗೆ ದಾಟಿಸಿದಳು. "ಪಂಪು ಎರಡು ಸಾಲಲ್ಲ ಮೇಸ್ತ್ರಿ. ಮೂರು ತಗೊಳ್ಳಿ. ಒಂದು ಕೆಟ್ಟರೆ?"