ಸಿದ್ದಬಸಪ್ಪನವರ ಹನ್ನೊಂದು ಸೆಕೆಂಡು

ಸಿದ್ದಬಸಪ್ಪನವರು ಬರಿಗೈಯಲ್ಲಿ ನಡೆಯುವಾಗಲೂ ಎರಡು ಅಂಗೈಗಳನ್ನು ಎದೆಯ ಮುಂದೆ ಎದುರುಬದುರಾಗಿ ಹಿಡಿದು, ನಡುವೆ ಯಾವುದೋ ತೆಳುವಾದ ವಸ್ತು ಇದೆಯೆಂಬಂತೆ, ಬಸವೇಶ್ವರನಗರದ ಒಡೆದ ಕಲ್ಲುಚಪ್ಪಡಿಗಳ ಮೇಲೆ ಹೆಜ್ಜೆಯನ್ನು ಅಳೆದು ಇಡುತ್ತಾರೆ. ಮೂವತ್ತು ವರ್ಷ ಗ್ರಾಮಫೋನ್ ತಟ್ಟೆಗಳನ್ನು ಅಂಚಷ್ಟೇ ತಾಗುವಂತೆ ಹಿಡಿದ ಕೈಗಳಿಗೆ ಬೇರೆ ಭಂಗಿ ಮರೆತುಹೋಗಿದೆ. ಹಣೆಯ ತುಂಬ ವಿಭೂತಿ, ಏಪ್ರಿಲ್ಲಿನಲ್ಲೂ ಕಳಚದ ಬೂದುಬಣ್ಣದ ತೋಳಿಲ್ಲದ ಸ್ವೆಟರು. ಭೂಮಾಪನ ಇಲಾಖೆಯಿಂದ ನಿವೃತ್ತರಾದ ಈ ಲಿಂಗವಂತ ಗೃಹಸ್ಥರು ಸಂಗ್ರಹಿಸುವುದು ಕ್ರಿಸ್‌ಮಸ್ ಸಂಗೀತದ ಹಳೆಯ ತಟ್ಟೆಗಳನ್ನು. ಅದರಲ್ಲೂ ಹಾಡುಗಾರರಿಲ್ಲದ, ಕೇವಲ ವಾದ್ಯವೃಂದದವನ್ನು. ಕಾರಣ ಕೇಳಿದಾಗ, "ಮಾತಿದ್ರೆ ಅದು ಅವರ ಹಬ್ಬ. ಬರೀ ಪಿಟೀಲಿದ್ರೆ ನಮ್ದೂನೂ" ಎಂದಿದ್ದರು.

ಡಿಸೆಂಬರ್ ಒಂದರಿಂದ ಇಪ್ಪತ್ತೈದರವರೆಗೆ ದಿನಕ್ಕೊಂದು ತಟ್ಟೆಯನ್ನು ನುಡಿಸಿ, ಕಂಪ್ಯೂಟರಿಗೆ ಇಳಿಸಿ, ನನ್ನಂಥ ಎಪ್ಪತ್ತು ಮಂದಿಗೆ ವಾಟ್ಸಾಪಿನಲ್ಲಿ ಕಳಿಸುವುದು ಅವರ ವ್ರತ. ಗೀರುಗಳ ಚಿಟಪಟ ಸದ್ದನ್ನು ಅಳಿಸುವುದಿಲ್ಲ. ಹೊರಗಿನ ಸದ್ದು ಸೇರಲು ಬಿಡುವುದೂ ಇಲ್ಲ. ಅವರ ಪತ್ನಿ ಕಮಲಾಕ್ಷಮ್ಮನವರು ನನಗೆ ಕಾಫಿ ಕೊಡುತ್ತ, "ಡಿಸೆಂಬರ್ ಬಂದ್ರೆ ನಮ್ಮನೆ ಕುಕ್ಕರ್‌ಗೂ ಮೌನವ್ರತ ಕಣ್ರೀ. ಬೇಳೆ ಬೇಯೋಷ್ಟ್ರಲ್ಲಿ ಹೊಸ ವರ್ಷ ಬಂದಿರುತ್ತೆ" ಎಂದು ಪಿಸುಗುಟ್ಟುವುದು ವಾಡಿಕೆ.

ಕಳೆದ ಡಿಸೆಂಬರಿನಲ್ಲಿ, ದಾದಿಯಾಗಿ ನಿವೃತ್ತರಾದ ದೀಪಾಂಜಲಿ ನಗರದ ಪ್ರಭಾ ಎಂಬವರು ಟವೆಲ್ಲಿನಲ್ಲಿ ಸುತ್ತಿದ ಒಂದು ತಟ್ಟೆಯನ್ನು ತಂದುಕೊಟ್ಟರು. ಅವರ ತಂದೆ ದಂಡು ಪ್ರದೇಶದ, ಅಂದರೆ ಕಂಟೋನ್ಮೆಂಟಿನ, ವಾದ್ಯವೃಂದವೊಂದರಲ್ಲಿ ಪಿಟೀಲು ನುಡಿಸುತ್ತಿದ್ದರಂತೆ. ಆ ವೃಂದದ ಕ್ರಿಸ್‌ಮಸ್ ಸಂಗೀತದ ಮುದ್ರಣವಾಗಿ ಉಳಿದಿದ್ದು ಇದೊಂದೇ. ಅವರ ಮನೆಯಲ್ಲಿದ್ದ ನುಡಿಸುವ ಯಂತ್ರ ಕೆಟ್ಟು ನಲವತ್ತು ವರ್ಷವಾಗಿತ್ತು. "ಶುರೂನಲ್ಲಿ ಅಪ್ಪ ಒಬ್ರೇ ಬಾರಿಸ್ತಾರೆ ಸಾರ್. ಅದೊಂದು ಕೇಳ್ಬೇಕು."

ಅದು ಅರಗಿನ ತಟ್ಟೆ. ಅರಗು ಸ್ಪಿರಿಟ್ಟಿಗೆ ಕರಗುತ್ತದೆಂಬುದು ಈ ಹವ್ಯಾಸದವರು ಮೊದಲ ವಾರದಲ್ಲೇ ಕಲಿಯುವ ಪಾಠ. ಆದರೆ ಮರುದಿನ ಬೆಳಿಗ್ಗೆ ಈಚಿನ ಪ್ಲಾಸ್ಟಿಕ್ ತಟ್ಟೆಗಳನ್ನು ಸ್ಪಿರಿಟ್ಟಿನಿಂದ ಒರೆಸುತ್ತ ಕುಳಿತಿದ್ದ ಸಿದ್ದಬಸಪ್ಪನವರು, ಅದೇ ಬಟ್ಟೆಯನ್ನು ಅದೇ ಲಯದಲ್ಲಿ ಇದರ ಅಂಚಿಗೂ, ಸಂಗೀತ ಶುರುವಾಗುವ ಜಾಗಕ್ಕೇ, ಒಂದು ಸುತ್ತು ಎಳೆದುಬಿಟ್ಟರು. ಬಟ್ಟೆ ಕಪ್ಪಾಯಿತು. ಮುಳ್ಳನ್ನಿಟ್ಟು ನೋಡಿದರೆ ಹನ್ನೊಂದು ಸೆಕೆಂಡು ಬರಿಯ ಮೊರೆತ; ಆಮೇಲೆ ಇಡೀ ವೃಂದ, ಏನೂ ಆಗದಂತೆ.

ನಾನು ಪಕ್ಕದಲ್ಲೇ ಇದ್ದೆ. "ಹಳೇ ತಟ್ಟೆ, ಸವೆದಿತ್ತು ಅಂದ್ಬಿಡಿ ಸಾರ್. ಅವರು ನಂಬ್ತಾರೆ" ಎಂದೆ.

"ನಂಬ್ತಾರೆ. ಅದಕ್ಕೇ ಹೇಳಬಾರ್ದು" ಎಂದವರು ಆ ಕಪ್ಪು ಬಟ್ಟೆಯನ್ನು ಮಡಿಚಿ ಲಕೋಟೆಗೆ ಹಾಕಿಕೊಂಡು ಆಟೋ ಹಿಡಿದರು. ನಾನೂ ಹತ್ತಿಕೊಂಡೆ.

ಪ್ರಭಾ ಅವರ ಮುಂದೆ ಬಟ್ಟೆಯನ್ನು ಬಿಡಿಸಿಟ್ಟು, "ನಿಮ್ಮಪ್ಪನ ಪಿಟೀಲು ಇದ್ರಲ್ಲಿದೆ ಅಮ್ಮಾ. ನಾನೇ ಒರೆಸಿಬಿಟ್ಟೆ" ಎಂದರು.

ಆಕೆ ಬಟ್ಟೆಯ ಕಪ್ಪನ್ನು ಬೆರಳಿನಿಂದ ಮುಟ್ಟಿ ನೋಡಿದರು. "ನಲವತ್ತು ವರ್ಷ ನಾನು ಅದರ ಮೇಲಿನ ಧೂಳನ್ನೂ ಒರೆಸಿರಲಿಲ್ಲ ಸಾರ್."

ಸಿದ್ದಬಸಪ್ಪನವರು ಕ್ಷಮೆ ಕೇಳಲಿಲ್ಲ, ಕೇಳಿದರೆ ಆಕೆ ಕೊಡಲೇಬೇಕಾಗುತ್ತದೆಂಬ ಸಂಕೋಚವಿರಬೇಕು.

ಉಳಿದದ್ದನ್ನು ಹಾಕಿರೆಂದು ಆಕೆಯೇ ಹೇಳಿದರು. ಹೊರಡುವ ಮೊದಲು ಫೋನಿಗೆ ಇಳಿಸಿಕೊಂಡಿದ್ದನ್ನು ಸಿದ್ದಬಸಪ್ಪನವರು ಹಾಕಿದರು. ಒಮ್ಮೆ ಕೇಳಿ, ಮತ್ತೆ ಕೇಳಿ, ಮೂರನೆಯ ಸಲ ಬೆರಳೆತ್ತಿ ನಮ್ಮನ್ನು ಸುಮ್ಮನಿರಿಸಿದರು. "ಈ ಗುಂಪಲ್ಲೂ ಇದಾರೆ ಅಪ್ಪ. ಹುಡುಕ್ಬೇಕು ಅಷ್ಟೆ." ಅನಂತರ, ಸ್ವಲ್ಪ ಬಿಗಿಯಾಗಿಯೇ, "ಎಲ್ರಿಗೂ ಕಳ್ಸಿ. ಹುಡುಕೋರು ಹೆಚ್ಚಾಗ್ಲಿ" ಎಂದರು.

ಇಪ್ಪತ್ತೈದರ ಬೆಳಿಗ್ಗೆ ಎಪ್ಪತ್ತು ಫೋನುಗಳಿಗೆ ಆ ಸಂಗೀತ ಬಂತು, ಅದರ ಕೆಳಗೆ ಎರಡು ಸಾಲು: "ಮೊದಲ ಹನ್ನೊಂದು ಸೆಕೆಂಡು ಪ್ರಭಾ ಅವರ ತಂದೆಯ ಒಂಟಿ ಪಿಟೀಲಿತ್ತು. ನನ್ನ ತಪ್ಪಿನಿಂದ ಅಳಿದಿದೆ."

ಪರರ ನೆನಪುಗಳನ್ನು ಕಾಯಲು, ಯಾರೂ ನೇಮಿಸದಿದ್ದರೂ, ತಾವಾಗಿ ನಿಂತುಬಿಡುವ ಜನ ಪ್ರತಿ ಬಡಾವಣೆಯಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರ ಕೈಯಲ್ಲೂ ವಸ್ತುಗಳು ಹಾಳಾಗುತ್ತವೆ. ಆದರೆ ಹಾಳಾದದ್ದೆಷ್ಟೆಂದು ಅವರೇ ಹೇಳಿಬಿಡುವುದರಿಂದ, ಉಳಿದದ್ದನ್ನು ನಾವು ಸಂಶಯವಿಲ್ಲದೆ ಕೇಳಬಹುದು. ಆ ನಿಶ್ಚಿಂತೆಗೆ ನಾನು ಋಣಿ.